ಚಿಕುನ್‌ಗುನ್ಯಾ ಬಂದು ಐದು ವಾರ, ಟೂರ್ನಮೆಂಟ್‌ಗೆ ಇನ್ನು ಐದು ವಾರ. ಇಳಿಯಲಾ, ಬೇಡವಾ?

ನೀಲಿಬೆಲ್ಟ್_ಗುಮಾಸ್ತ
ಸೆಪ್ಟೆಂಬರ್ 1, ರಾತ್ರಿ 10:50

ಎಲ್ಲರಿಗೂ ನಮಸ್ಕಾರ. ಪೋಸ್ಟ್ ಸ್ವಲ್ಪ ಉದ್ದ ಆಗಬಹುದು, ಬೇಜಾರು ಮಾಡಿಕೊಳ್ಳಬೇಡಿ.

ವಯಸ್ಸು 33, ಊರು ಬೆಂಗಳೂರು, ಬ್ಯಾಂಕ್ ಕೆಲಸ. ಬ್ರೆಜಿಲಿಯನ್ ಜಿಯು-ಜಿಟ್ಸು (ನೆಲಕ್ಕೆ ಕೆಡವಿ, ಪಟ್ಟು ಹಾಕಿ ಸೋಲೊಪ್ಪಿಸುವ ಆಟ) ಶುರು ಮಾಡಿ ನಾಲ್ಕು ವರ್ಷ ಆಯಿತು. ಬಿಳಿಯ ನಂತರದ ನೀಲಿ ಬೆಲ್ಟ್ ಸಿಕ್ಕಿ ಒಂದೂವರೆ ವರ್ಷ. ಅಕ್ಟೋಬರ್ ಮೊದಲ ವಾರ ಇಲ್ಲೇ ಒಂದು ಟೂರ್ನಮೆಂಟ್ ಇದೆ. ಜೂನ್‌ನಲ್ಲೇ ದುಡ್ಡು ಕಟ್ಟಿ ಹೆಸರು ಕೊಟ್ಟಿದ್ದೆ. ಮಾಸ್ಟರ್ 1 (30 ದಾಟಿದವರದು), ಗೀ (ದಪ್ಪ ಬಟ್ಟೆಯ ಅಂಗಿ-ಪ್ಯಾಂಟ್) ಹಾಕಿ ಆಡುವ ವಿಭಾಗ, 82.3 ಕಿಲೋ ಒಳಗೆ.

ಜುಲೈ ಕೊನೆಯಲ್ಲಿ ಜ್ವರ ಬಂತು. ಮನೆ ಹತ್ತಿರದ ಕ್ಲಿನಿಕ್‌ನಲ್ಲಿ ‘ವೈರಲ್ಲು, ಮೂರು ದಿನ ಇರುತ್ತೆ’ ಅಂದರು. ಜ್ವರ ಏನೋ ಇಳಿಯಿತು. ಆದರೆ ನಾಲ್ಕನೇ ದಿನ ಹಾಸಿಗೆಯಿಂದ ಎದ್ದು ಕಾಲು ನೆಲಕ್ಕೆ ಇಟ್ಟರೆ ಹಿಮ್ಮಡಿಯೊಳಗೆ ಗಾಜಿನ ಚೂರು ಇಟ್ಟ ಹಾಗೆ. ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋದೆ. ಬೇರೆ ಕಡೆ ರಕ್ತ ಪರೀಕ್ಷೆ ಮಾಡಿಸಿದಾಗ ಚಿಕುನ್‌ಗುನ್ಯಾ ಅಂತ ಗೊತ್ತಾಯಿತು. ಡೆಂಗಿ ಅಲ್ಲವಲ್ಲ ಅಂತ ಖುಷಿಪಟ್ಟೆ. ಆ ಖುಷಿ ಎರಡು ದಿನವೂ ಉಳಿಯಲಿಲ್ಲ.

ಈಗ ಕಾಲು ಪರವಾಗಿಲ್ಲ. ಬೆರಳುಗಳದ್ದೇ ಕಷ್ಟ. ಬೆಳಿಗ್ಗೆ ಎದ್ದಾಗ ಗೆಣ್ಣುಗಳು ಊದಿಕೊಂಡಿರುತ್ತವೆ, ಮುಷ್ಟಿ ಕಟ್ಟಲು ಆಗಲ್ಲ. ನಿನ್ನೆ ಹಾಲಿನ ಪ್ಯಾಕೆಟ್ ಮೂಲೆ ಹರಿಯಲು ಆಗದೆ ಹಲ್ಲಲ್ಲಿ ಕಚ್ಚಿದೆ. ಅರ್ಧ ಹಾಲು ಬನಿಯನ್ ಮೇಲೆ. ಅಮ್ಮ ಮೊದಲು ನಕ್ಕರು. ಆಮೇಲೆ ಬಟ್ಟೆ ಕೊಡುತ್ತಾ, ‘ಇದರಲ್ಲಿ ಕುಸ್ತಿ ಬೇರೆ ಕೇಡು’ ಅಂದರು.

ನನ್ನ ಆಟ ನಿಂತಿರುವುದೇ ಬೆರಳ ಮೇಲೆ. ಸ್ಪೈಡರ್ ಗಾರ್ಡ್ ಆಡುವವನು ನಾನು. ಬೆನ್ನ ಮೇಲೆ ಮಲಗಿ, ಎದುರಾಳಿಯ ಎರಡೂ ತೋಳಿನ ಬಟ್ಟೆಯನ್ನು ನಾಲ್ಕು ಬೆರಳಲ್ಲಿ ಸುತ್ತಿ ಹಿಡಿದು, ಅವನ ರಟ್ಟೆಗೆ ಪಾದ ಕೊಟ್ಟು ತಳ್ಳುತ್ತಾ ಎಳೆಯುವುದು. ಹೋದ ವಾರ ಕ್ಲಾಸಿಗೆ ಹೋಗಿ ಹಾಗೆ ಹಿಡಿದೆ. ಇಪ್ಪತ್ತು ಸೆಕೆಂಡ್ ಆಗಿರಬೇಕು, ಅವನು ಎಳೆಯುವ ಮುಂಚೆಯೇ ಬೆರಳು ತಾವಾಗೇ ಬಿಚ್ಚಿಕೊಂಡವು.

ತೂಕವೂ ನಾಲ್ಕು ಕಿಲೋ ಇಳಿದಿದೆ. ಗೀ ಸೇರಿ 77.5. ಒಂದೂವರೆ ಕಿಲೋ ಇಳಿಸಿ 76ರ ವಿಭಾಗಕ್ಕೆ ಹೋಗಲಾ ಅನ್ನುವ ಆಸೆಯೂ ಇದೆ. ಕೋಚ್ ಕೇಳಿದರೆ ‘ನಿನಗೆ ಹೇಗೆ ಅನ್ನಿಸುತ್ತೋ ಹಾಗೆ ಮಾಡು’ ಅಂತಾರೆ. ಹೇಗೆ ಅನ್ನಿಸುತ್ತೆ ಅಂತ ಗೊತ್ತಿದ್ದರೆ ಅವರನ್ನು ಯಾಕೆ ಕೇಳುತ್ತಿದ್ದೆ?

ಹಠವಾದಿ
ಸೆಪ್ಟೆಂಬರ್ 1, ರಾತ್ರಿ 11:15

ಬ್ರೋ, ಕಣ್ಣು ಮುಚ್ಚಿಕೊಂಡು ಇಳಿ. 2004ರ ಜಿಯು-ಜಿಟ್ಸು ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಜಕರೆ ಸೋಜಾ ಕೈ ಮುರಿದರೂ ಬಿಡಲಿಲ್ಲ, ರೋಜರ್ ಗ್ರೇಸಿ ಮೇಲೆ ಗೆದ್ದ. ನಿನಗೆ ಬರೀ ಬೆರಳು ನೋವು ಅಷ್ಟೇ. ಮನಸ್ಸು ಗಟ್ಟಿ ಮಾಡ್ಕೋ.

ಡಬ್ಲಿನ್_ಕನ್ನಡಿಗ
ಸೆಪ್ಟೆಂಬರ್ 2, ಬೆಳಗಿನ ಜಾವ 2:30

ಆ ಕಥೆಯನ್ನು ಪೂರ್ತಿ ಹೇಳಿದರೆ ಚೆನ್ನಾಗಿರುತ್ತೆ. ಅದು ತೂಕದ ಮಿತಿ ಇಲ್ಲದ ವಿಭಾಗದ ಫೈನಲ್. ಜಕರೆ ಆಗಲೇ ಪಾಯಿಂಟ್‌ನಲ್ಲಿ ಮುಂದಿದ್ದ. ರೋಜರ್ ಆರ್ಮ್‌ಬಾರ್ ಎಂಬ ಮೊಣಕೈ ಮುರಿಯುವ ಪಟ್ಟು ಹಾಕಿದಾಗ ತಟ್ಟಲಿಲ್ಲ (ತಟ್ಟಿದರೆ ಸೋಲು ಒಪ್ಪಿದ ಹಾಗೆ), ಕೈ ಹೋಯಿತು. ಆ ಕೈಯನ್ನು ಬೆಲ್ಟ್‌ಗೆ ಸಿಕ್ಕಿಸಿಕೊಂಡು ಉಳಿದ ಸಮಯ ತಪ್ಪಿಸಿಕೊಂಡು ಓಡಾಡಿದ, ಅಷ್ಟೇ. ಅದು ಅವನ ಹೊಟ್ಟೆಪಾಡು, ಜೀವಮಾನದ ಪಂದ್ಯ. ನಮ್ಮ ಗುಮಾಸ್ತರಿಗೆ ಸೋಮವಾರ ಬೆಳಿಗ್ಗೆ ಕೌಂಟರ್‌ನಲ್ಲಿ ನೋಟು ಎಣಿಸುವುದಿದೆ.

ಇದೇ ಆಟದಲ್ಲಿ ಇನ್ನೊಂದು ಕಥೆಯೂ ಇದೆ. 1951ರಲ್ಲಿ ರಿಯೊದ ಮರಕನಾದಲ್ಲಿ ಈ ಆಟ ಕಟ್ಟಿದವರಲ್ಲೊಬ್ಬರಾದ ಎಲಿಯೊ ಗ್ರೇಸಿ ಜಪಾನಿನ ಜೂಡೊ ಪಟು ಕಿಮುರಾ ಜೊತೆ ಆಡಿದಾಗ ಎಲಿಯೊ ಕೂಡ ತಟ್ಟಲಿಲ್ಲ. ಕೈ ಹೋಯಿತು. ಕೊನೆಗೆ ಅಣ್ಣ ಕಾರ್ಲೋಸ್ ಟವೆಲ್ ಎಸೆದ. ಇವತ್ತು ನಾವು ದಿನಾ ಕಲಿಯುವ ‘ಕಿಮುರಾ’ ಎಂಬ ತೋಳು ತಿರುಚುವ ಪಟ್ಟಿಗೆ ಆ ಹೆಸರು ಬಂದದ್ದು ಆ ಪಂದ್ಯದಿಂದ. ಸೋತವರ ಮನೆಯವರೇ ಗೆದ್ದವನ ಹೆಸರಿಟ್ಟು ಕಲಿಸುತ್ತಾ ಬಂದರು, ಅದು ನನಗೆ ಇಷ್ಟ.

ಗುಮಾಸ್ತರೇ, ತೂಕದ ವಿಷಯ. ನಿಮ್ಮಲ್ಲಿ ಐಬಿಜೆಜೆಎಫ್ (ಈ ಆಟದ ಅಂತರರಾಷ್ಟ್ರೀಯ ಒಕ್ಕೂಟ) ನಿಯಮವೇ ಇದ್ದರೆ, ಪಂದ್ಯಕ್ಕೆ ಕರೆಯುವ ಹೊತ್ತಿಗೇ ಗೀ ಹಾಕಿಕೊಂಡು ತೂಗುತ್ತಾರೆ. ಒಂದೇ ಅವಕಾಶ. ಪ್ರೊಫೆಷನಲ್ ಬಾಕ್ಸಿಂಗ್ ತರಹ ಹಿಂದಿನ ದಿನ ತೂಗಿ, ರಾತ್ರಿ ಉಂಡು ಸುಧಾರಿಸಿಕೊಳ್ಳುವ ಹಾಗಿಲ್ಲ. ಜ್ವರದಿಂದ ಎದ್ದವರು ಮತ್ತೆ ನೀರು ಬಿಟ್ಟು ಒಣಗಿಸಿಕೊಂಡು ಹೋಗಬೇಡಿ. ಇಡ್ಲಿ ತಿಂದುಕೊಂಡು 82.3ರಲ್ಲೇ ಆಡಿ. ಎದುರಿನವನು ಐದು ಕಿಲೋ ಜಾಸ್ತಿ ಇರಬಹುದು, ಇರಲಿ ಬಿಡಿ.

ಫಿಸಿಯೊ_ಧಾರವಾಡ
ಸೆಪ್ಟೆಂಬರ್ 2, ಬೆಳಿಗ್ಗೆ 7:10

ನಾನು ಫಿಸಿಯೋಥೆರಪಿಸ್ಟ್, ನಾನೂ ಎರಡು ವರ್ಷದಿಂದ ಮ್ಯಾಟ್ ಮೇಲೆ ಇದ್ದೇನೆ. ನಿಮ್ಮನ್ನು ಕಣ್ಣಾರೆ ನೋಡದೆ ‘ಇಳೀರಿ’ ಅಂತ ನಾನು ಹೇಳುವುದಿಲ್ಲ. ‘ಬೇಡ’ ಅಂತಲೂ ಈಗಲೇ ಹೇಳುವುದಿಲ್ಲ. ಕೆಲವು ಮಾತು ಮಾತ್ರ ಹೇಳುತ್ತೇನೆ.

ಮೊದಲನೆಯದು ಬೆರಳಲ್ಲ, ಎದೆ. ವೈರಸ್ ಜ್ವರ ಬಂದು ಹೋದ ಮೇಲೆ ಅಪರೂಪಕ್ಕೆ ಹೃದಯದ ಸ್ನಾಯುವಿಗೂ ಊತ ಬರುವುದುಂಟು. ಮೆಟ್ಟಿಲು ಹತ್ತಿದರೆ ಎದೆ ನೋವು, ಸುಮ್ನೆ ಕೂತಾಗಲೂ ಎದೆ ಹೊಡೆದುಕೊಳ್ಳುವುದು, ಕಣ್ಣು ಕತ್ತಲೆ, ಇಂಥದ್ದು ಏನಾದರೂ ಇದ್ದರೆ ಮ್ಯಾಟ್ ಮರೆತುಬಿಡಿ, ಡಾಕ್ಟರ ಹತ್ತಿರ ಹೋಗಿ ಇಸಿಜಿ ಮಾಡಿಸಿ.

ಇನ್ನು ಕೀಲು. ಚಿಕುನ್‌ಗುನ್ಯಾ ಅನ್ನುವ ಹೆಸರಿನ ಅರ್ಥವೇ ‘ಬಾಗಿ ಹೋಗುವುದು’ ಅಂತ. ತಾಂಜಾನಿಯಾದ ಮಕೊಂಡೆ ಜನರ ಭಾಷೆಯ ಮಾತು, 1952ರಲ್ಲಿ ಅಲ್ಲೇ ಮೊದಲು ಈ ರೋಗ ಗುರುತಿಸಿದ್ದು. ಜ್ವರ ಒಂದು ವಾರದಲ್ಲಿ ಹೋಗುತ್ತದೆ, ಕೀಲು ನೋವು ಕೆಲವರಿಗೆ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಉಳಿಯುತ್ತದೆ. ಬೆರಳು, ಮಣಿಕಟ್ಟು, ಪಾದದ ಕೀಲು ಅದಕ್ಕೆ ಬಹಳ ಇಷ್ಟ. ವೈರಸ್ಸಿಗೇ ಅಂತ ಮಾತ್ರೆ ಇಲ್ಲ. ಹಂಗಾಗಿ ‘ಐದು ವಾರದಲ್ಲಿ ಸರಿ ಹೋಗುತ್ತಾ’ ಅಂತ ಯಾರನ್ನೂ ಕೇಳಬೇಡಿ.

ಅದರ ಬದಲು ಹೀಗೆ ಮಾಡಿ. ಒಂದು ನೋಟ್‌ಬುಕ್ ಇಡಿ. ದಿನಾ ಬೆಳಿಗ್ಗೆ ಎದ್ದ ಮೇಲೆ ಮುಷ್ಟಿ ಪೂರ್ತಿ ಕಟ್ಟಲು ಎಷ್ಟು ನಿಮಿಷ ಬೇಕಾಯಿತು ಅಂತ ಬರೆಯಿರಿ. ಆಮೇಲೆ ಒಂದು ಟವೆಲ್ ನೆನೆಸಿ ಹಿಂಡಿ. ಎಷ್ಟು ಸಲ ತಿರುವಲು ಆಯಿತು, ಅದನ್ನೂ ಬರೆಯಿರಿ. ಕ್ಲಾಸಿಗೆ ಹೋದ ದಿನ ಮ್ಯಾಟ್ ಮೇಲೆ ಹೇಗಿತ್ತು ಅನ್ನುವುದು ಮುಖ್ಯ ಅಲ್ಲ. ಮೈ ಬಿಸಿ ಇದ್ದಾಗ ಎಲ್ಲರಿಗೂ ಚಂದ ಇರುತ್ತದೆ. ಮರುದಿನ ಬೆಳಿಗ್ಗೆ ನಿಮಿಷ ಜಾಸ್ತಿ ಆಗಿದ್ದರೆ ಹಿಂದಿನ ದಿನ ಜಾಸ್ತಿ ಮಾಡಿದಿರಿ ಅಂತಲೇ ಅರ್ಥ.

ನೋವಿನ ಮಾತ್ರೆ ನುಂಗಿ ಪಂದ್ಯಕ್ಕೆ ಹೋಗಬೇಡಿ. ನೋವು ಗೊತ್ತಾಗದಿದ್ದರೆ ಯಾವಾಗ ತಟ್ಟಬೇಕು ಅಂತ ಹೇಗೆ ಗೊತ್ತಾಗುತ್ತೆ? ಯಾರೋ ಜಿಮ್‌ನಲ್ಲಿ ‘ಒಂದು ಸ್ಟೆರಾಯ್ಡ್ ಮಾತ್ರೆ ಹಾಕ್ಕೋ, ಊತ ಇಳಿಯುತ್ತೆ’ ಅಂತ ಹೇಳೇ ಹೇಳುತ್ತಾರೆ. ಡಾಕ್ಟರ್ ಬರೆದುಕೊಡದೆ ಮುಟ್ಟಬೇಡಿ. ಆ ಮಾತ್ರೆಗಳು ಸ್ಪರ್ಧೆಯ ಹೊತ್ತಿನಲ್ಲಿ ವಾಡಾದ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ) ನಿಷೇಧ ಪಟ್ಟಿಯಲ್ಲೂ ಇವೆ.

ಜ್ವರದಲ್ಲಿ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು. ಡೆಂಗಿ ಅಲ್ಲ ಅಂತ ಖಚಿತ ಆಗುವ ತನಕ ಐಬುಪ್ರೊಫೆನ್, ಆಸ್ಪಿರಿನ್ ಬೇಡ. ರಕ್ತಸ್ರಾವದ ಅಪಾಯ.

ನೀಲಿಬೆಲ್ಟ್_ಗುಮಾಸ್ತ
ಸೆಪ್ಟೆಂಬರ್ 2, ಬೆಳಿಗ್ಗೆ 8:05

ಮೇಡಂ, ತುಂಬಾ ಥ್ಯಾಂಕ್ಸ್. ಈಗಷ್ಟೇ ಮಾಡಿದೆ. ಮುಷ್ಟಿಗೆ 55 ನಿಮಿಷ. ಟವೆಲ್ ಒಂದೂವರೆ ಸುತ್ತು, ಅಮ್ಮ ಕಿತ್ತುಕೊಂಡು ತಾವೇ ಹಿಂಡಿ ಒಣಗಿಹಾಕಿದರು. (ಸ್ಟೆರಾಯ್ಡ್ ಮಾತ್ರೆಯ ಸಲಹೆ ಆಗಲೇ ಬಂದಿತ್ತು. ನಿಮಗೆ ಹೇಗೆ ಗೊತ್ತಾಯಿತು?)

ಫಿಸಿಯೊ_ಧಾರವಾಡ
ಸೆಪ್ಟೆಂಬರ್ 2, ಬೆಳಿಗ್ಗೆ 8:20

ಎಲ್ಲಾ ಜಿಮ್‌ನಲ್ಲೂ ಅಂಥವನೊಬ್ಬ ಇರ್ತಾನ್ರಿ.

ಪಕ್ಕೆಲುಬು
ಸೆಪ್ಟೆಂಬರ್ 2, ಮಧ್ಯಾಹ್ನ 1:40

ನನ್ನ ಅನುಭವ ಹೇಳುತ್ತೇನೆ. ಎರಡು ವರ್ಷದ ಹಿಂದೆ ಪಂದ್ಯಕ್ಕೆ ಹತ್ತು ದಿನ ಇದ್ದಾಗ ಪಕ್ಕೆಲುಬಿನ ಮೆದುಮೂಳೆ ‘ಟಕ್’ ಅಂತು. ಯಾರಿಗೂ ಹೇಳದೆ ಇಳಿದೆ. ಎದುರಿನವನು ಹೊಟ್ಟೆ ಮೇಲೆ ಮಂಡಿ ಇಟ್ಟ. ಅವನಿಗೆ ಎರಡು ಪಾಯಿಂಟ್, ನನಗೆ ಮೂರು ತಿಂಗಳು ಕೂತೇ ನಿದ್ದೆ. ಸೀನು ಬಂದರೆ ಹೆದರುತ್ತಿದ್ದೆ. ದುಡ್ಡು ಕಟ್ಟಿದ್ದೇನಲ್ಲ ಅಂತ ಇಳಿದದ್ದು ನಾನು. ಆಮೇಲೆ ಡಾಕ್ಟರಿಗೆ ಕೊಟ್ಟದ್ದು ಅದರ ಆರರಷ್ಟು.

ಗರಡಿಮನೆ_ಮೈಸೂರು
ಸೆಪ್ಟೆಂಬರ್ 3, ರಾತ್ರಿ 9:00

ತಮ್ಮಾ, ನಾನು ನಿಮ್ಮ ಆಟದವನಲ್ಲ. ಮಗ ಕಲಿಯುತ್ತಾನೆ, ಅದಕ್ಕೇ ಇಲ್ಲಿ ಓದುತ್ತಿರುತ್ತೇನೆ. ನಾನು ಮಣ್ಣಿನ ಕುಸ್ತಿಯವನು. ಈಗ 52.

2006ರಲ್ಲಿ ರಾಜ್ಯದ ತುಂಬ ಈ ಕಾಯಿಲೆ ಹರಡಿದಾಗ ನನಗೂ ಬಂತು. ನಮ್ಮ ಬೀದಿಯಲ್ಲಿ ಮನೆಗೊಬ್ಬರು ಗೋಡೆ ಹಿಡಿದು ನಡೆಯುತ್ತಿದ್ದರು. ಆ ವರ್ಷ ದಸರೆಗೆ ಜೋಡಿ ಕಟ್ಟಲು ಕರೆದರು, ನಾನು ಹೋಗಲಿಲ್ಲ. ಉಸ್ತಾದರು ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ನನ್ನ ಕೈ ಹಿಡಿದು ಒಂದೊಂದೇ ಬೆರಳು ಮಡಚಿ ನೋಡಿದರು. ‘ಗದೆ ಮುಟ್ಟಬೇಡ, ಬಸ್ಕಿ ಹೊಡಿ’ ಅಂದರು. ಮೂರು ತಿಂಗಳು ಬರೀ ಬಸ್ಕಿ. ತೊಡೆ ಎರಡೂ ಕಂಬ ಆದವು.

ಒಂದು ಕೇಳುತ್ತೇನೆ. ನಿಮ್ಮ ಹುಡುಗರು ಬಟ್ಟೆ ಹಿಡಿಯುವುದರಲ್ಲೇ ಅರ್ಧ ಆಯಸ್ಸು ಕಳೆಯುತ್ತಾರಲ್ಲ, ಯಾಕೆ? ನಮ್ಮಲ್ಲಿ ಮೈಯೆಲ್ಲ ಮಣ್ಣು, ಬೆವರು. ಹಿಡಿಯಲು ಬಟ್ಟೆ ಅಂದರೆ ಲಂಗೋಟ, ಅಷ್ಟೇ. ಕುತ್ತಿಗೆಗೆ ಕೈ ಹಾಕು, ಕಂಕುಳಲ್ಲಿ ತೋಳು ತೂರಿಸು, ಸೊಂಟಕ್ಕೆ ಬೀಗ ಹಾಕು. ಬೆರಳು ಬೇಡ, ಮೊಣಕೈ ಸಾಕು. ಮಗನಿಗೂ ಇದನ್ನೇ ಹೇಳುತ್ತೇನೆ, ಅವನು ಕೇಳುವುದಿಲ್ಲ.

ಡಬ್ಲಿನ್_ಕನ್ನಡಿಗ
ಸೆಪ್ಟೆಂಬರ್ 4, ಬೆಳಗಿನ ಜಾವ 1:15

ಪೈಲ್ವಾನ್ರೇ, ನೀವು ಹೇಳಿದ ಆಟವನ್ನೇ ಆಡಿ ನಮ್ಮಲ್ಲಿ ಒಬ್ಬರು ಚಾಂಪಿಯನ್ ಆಗಿದ್ದಾರೆ. ಜೀನ್ ಜಾಕ್ ಮಚಾಡೊ. ಹುಟ್ಟುವಾಗಲೇ ಎಡಗೈಯಲ್ಲಿ ಬೆರಳುಗಳು ಇರಲಿಲ್ಲ. ಹೆಬ್ಬೆರಳು, ಕಿರುಬೆರಳಿನ ತುಂಡು, ಅಷ್ಟೇ. ಆ ಕೈಯಲ್ಲಿ ಬಟ್ಟೆ ಹಿಡಿಯುವ ಪ್ರಶ್ನೆಯೇ ಇಲ್ಲ. ಹಾಗಾಗಿ ತೋಳಿನಿಂದ ಕೊಕ್ಕೆ ಹಾಕುವುದು, ಕಂಕುಳ ಕೆಳಗಿನಿಂದ ಹಿಡಿಯುವುದು, ಇದರ ಮೇಲೆ ಆಟ ಕಟ್ಟಿದರು. 1999ರಲ್ಲಿ ಎಡಿಸಿಸಿ ಅನ್ನುವ ದೊಡ್ಡ ಟೂರ್ನಮೆಂಟ್ ಗೆದ್ದರು. ಅಲ್ಲಿ ಗೀಯೇ ಇಲ್ಲ, ಎಲ್ಲರ ಕೈಯೂ ಜಾರುತ್ತದೆ. ಇವರಿಗೆ ಅದು ಹುಟ್ಟಿದಾಗಿನಿಂದ ಅಭ್ಯಾಸ.

ಗುಮಾಸ್ತರೇ, ಈ ಐದು ವಾರ ಸ್ಪೈಡರ್ ಗಾರ್ಡನ್ನು ಕಪಾಟಿನಲ್ಲಿ ಇಡಿ. ಕೆಳಗಿದ್ದರೆ ಬಟರ್‌ಫ್ಲೈ ಗಾರ್ಡ್ (ಕೂತು ಪಾದದಿಂದ ಅವನ ತೊಡೆ ಎತ್ತುವುದು), ಹಾಫ್ ಗಾರ್ಡ್‌ನಲ್ಲಿ (ಅವನ ಒಂದು ಕಾಲನ್ನು ನಮ್ಮ ಕಾಲಲ್ಲಿ ಹಿಡಿದು) ಅಂಡರ್‌ಹುಕ್ ಅಂದರೆ ಕಂಕುಳ ಕೆಳಗೆ ತೋಳು, ಮೇಲಿದ್ದರೆ ಬಾಡಿ ಲಾಕ್ ಅಂದರೆ ಸೊಂಟಕ್ಕೆ ಬೀಗ. ಮುಗಿಸಲು ಆರ್ಮ್ ಟ್ರಯಾಂಗಲ್ (ತೋಳು ಸೇರಿಸಿ ಕುತ್ತಿಗೆ ಒತ್ತುವ ಪಟ್ಟು). ಅಂಗೈಗೆ ಅಂಗೈ ಸೇರಿಸಿ ಹಿಡಿದರೆ ಬೆರಳಿಗೆ ಕೆಲಸ ಕಡಿಮೆ. ಮಾಸ್ಟರ್ 1 ನೀಲಿ ಬೆಲ್ಟ್‌ಗೆ ಪಂದ್ಯ ಐದೇ ನಿಮಿಷ. ಒಂದೇ ಒಂದು ಎದುರಾಳಿಗೆ ಸಾಕಾಗುವಷ್ಟು ಆಟ ಕಟ್ಟಿಕೊಳ್ಳಿ.

ಹೊಸ_ಬಿಳಿಬೆಲ್ಟ್
ಸೆಪ್ಟೆಂಬರ್ 4, ಬೆಳಿಗ್ಗೆ 11:30

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನೂ ಅದೇ ಟೂರ್ನಮೆಂಟ್‌ಗೆ ಹೆಸರು ಕೊಟ್ಟಿದ್ದೇನೆ. ಮೊಣಕೈ ಹತ್ತಿರ ಹುಳುಕಡ್ಡಿ ಆಗಿದೆ. ಉದ್ದ ತೋಳಿನ ರ‍್ಯಾಶ್‌ಗಾರ್ಡ್ ಹಾಕಿದರೆ ಕಾಣಿಸಲ್ಲ. ಆಡಬಹುದಾ?

ಫಿಸಿಯೊ_ಧಾರವಾಡ
ಸೆಪ್ಟೆಂಬರ್ 4, ಬೆಳಿಗ್ಗೆ 11:42

ಇಲ್ಲ. ಗುಮಾಸ್ತರ ನೋವು ಅವರೊಬ್ಬರದು, ನಿಮ್ಮದು ಹತ್ತು ಜನಕ್ಕೆ ಅಂಟುತ್ತದೆ. ಒಂದು ತಿಂಗಳು ಇದೆಯಲ್ಲ, ಚರ್ಮದ ಡಾಕ್ಟರಿಗೆ ಇವತ್ತೇ ತೋರಿಸಿ. ಅಲ್ಲಿಯವರೆಗೆ ಕ್ಲಾಸೂ ಬೇಡ.

ನೀಲಿಬೆಲ್ಟ್_ಗುಮಾಸ್ತ
ಸೆಪ್ಟೆಂಬರ್ 19, ರಾತ್ರಿ 10:20

ಅಪ್ಡೇಟ್. ಮುಷ್ಟಿ 55 ನಿಮಿಷದಿಂದ 30ಕ್ಕೆ ಬಂದಿದೆ. ಟವೆಲ್ ಮೂರು ಸುತ್ತು. ಡಾಕ್ಟರ್ ಇಸಿಜಿ ನೋಡಿ, ‘ಹೃದಯ ಚೆನ್ನಾಗಿದೆ, ತಲೆ ಮಾತ್ರ ಸರಿ ಇಲ್ಲ’ ಅಂದರು.

ನಡುವೆ ಒಂದು ತಪ್ಪು ಮಾಡಿದೆ. 11ನೇ ತಾರೀಕು ಕೈ ಹಗುರ ಅನ್ನಿಸಿತು ಅಂತ ಹಳೆ ಆಟ ಆಡಿದೆ. ಆರು ರೌಂಡ್. ಆಗ ಏನೂ ಆಗಲಿಲ್ಲ, ಮನೆಗೆ ಹಾಡು ಹೇಳಿಕೊಂಡು ಬಂದೆ. ಮರುದಿನ 70 ನಿಮಿಷ. ಹಲ್ಲುಜ್ಜುವ ಬ್ರಷ್ ಹಿಡಿಯಲು ಎರಡು ಕೈ ಬೇಕಾಯಿತು. ಆವತ್ತಿನಿಂದ ವಾರಕ್ಕೆ ಮೂರೇ ದಿನ, ದಿನಕ್ಕೆ ಮೂರೇ ರೌಂಡ್, ತೋಳಿನ ಬಟ್ಟೆ ಮುಟ್ಟಲ್ಲ ಅಂತ ನಿಯಮ ಮಾಡಿಕೊಂಡಿದ್ದೇನೆ.

ಮೊದಲ ವಾರ ಬಿಳಿ ಬೆಲ್ಟ್ ಹುಡುಗರೆಲ್ಲ ಸಲೀಸಾಗಿ ನನ್ನನ್ನು ದಾಟಿಕೊಂಡು ಹೋದರು. ನಾಚಿಕೆ ಆಯಿತು. ನಾಲ್ಕು ವರ್ಷ ಕಲಿತದ್ದು ಬರೀ ಎರಡು ಹಿಡಿತ ಅಂತ ಈಗ ಗೊತ್ತಾಗುತ್ತಿದೆ.

ಇಳಿಯುತ್ತೇನೆ ಅಂತ ತೀರ್ಮಾನಿಸಿದ್ದೇನೆ, ಒಂದು ಷರತ್ತಿನ ಮೇಲೆ. ಹಿಂದಿನ ದಿನ ಬೆಳಿಗ್ಗೆ 40 ನಿಮಿಷ ದಾಟಿದ್ದರೆ ಹೋಗಲ್ಲ. ಮಣಿಕಟ್ಟು, ಬೆರಳು, ಭುಜಕ್ಕೆ ಯಾವ ಪಟ್ಟು ಬಂದರೂ ಕಾಯದೆ ತಟ್ಟುತ್ತೇನೆ. ಕೋಚ್‌ಗೂ ಹೇಳಿದ್ದೇನೆ. ಈ ಸಲ ಅವರು ನೇರವಾಗಿ ‘ಸರಿ’ ಅಂದರು.

ಫಿಸಿಯೊ_ಧಾರವಾಡ
ಸೆಪ್ಟೆಂಬರ್ 19, ರಾತ್ರಿ 10:45

ಆ 70 ನಿಮಿಷದ ಪುಟ ಹರಿಯಬೇಡಿ.

ನೀಲಿಬೆಲ್ಟ್_ಗುಮಾಸ್ತ
ಅಕ್ಟೋಬರ್ 6, ಸಂಜೆ 7:30

ನಿನ್ನೆ ಪಂದ್ಯ ಆಯಿತು. ವರದಿ ಒಪ್ಪಿಸುತ್ತಿದ್ದೇನೆ.

ಶನಿವಾರ ಬೆಳಿಗ್ಗೆ 25 ನಿಮಿಷ, ಭಾನುವಾರವೂ ಅಷ್ಟೇ. ಬಿಸಿ ನೀರಲ್ಲಿ ಕೈ ಇಟ್ಟುಕೊಂಡು ಕೂತೆ. ಎರಡೆರಡು ಬೆರಳಿಗೆ ಟೇಪ್ ಸುತ್ತಿದೆ. ಗೀ ಸೇರಿ 79. ನಮ್ಮ ವಿಭಾಗದಲ್ಲಿ ನಾಲ್ಕೇ ಜನ. ಅಂದರೆ ಮೊದಲ ಪಂದ್ಯವೇ ಸೆಮಿಫೈನಲ್.

ಎದುರಿಗೆ ಪುಣೆಯ ಹುಡುಗ, ಎತ್ತರ, ಉದ್ದ ಕೈ. ಶುರುವಾದ ತಕ್ಷಣ ನನ್ನ ಕಾಲರ್ ಹಿಡಿದ. ಮಾಮೂಲಿ ಆಗಿದ್ದರೆ ನಾನೂ ಅವನ ಕಾಲರ್ ಹಿಡಿಯುತ್ತಿದ್ದೆ. ಪೈಲ್ವಾನಣ್ಣ ಹೇಳಿದ ಹಾಗೆ ತಲೆ ಅವನ ಎದೆಗೆ ಕೊಟ್ಟು, ಎರಡೂ ಕಂಕುಳಲ್ಲಿ ತೋಳು ತೂರಿಸಿ ಸೊಂಟಕ್ಕೆ ಬೀಗ ಹಾಕಿದೆ. ಕಾಲು ಅಡ್ಡ ಕೊಟ್ಟು ಕೂತೆ, ಅವನು ಹಿಂದಕ್ಕೆ ಬಿದ್ದ. ಎರಡು ಪಾಯಿಂಟ್! ಗ್ಯಾಲರಿಯಲ್ಲಿ ಅಮ್ಮ ಎದ್ದು ನಿಂತಿದ್ದು ಕಾಣಿಸಿತು. (ಬರಲ್ಲ ಅಂದಿದ್ದರು.)

ಅಲ್ಲಿಗೆ ನನ್ನ ಆಟ ಮುಗಿಯಿತು. ಅವನು ಕ್ಲೋಸ್ಡ್ ಗಾರ್ಡ್ ಹಾಕಿ ನನ್ನ ಸೊಂಟದ ಸುತ್ತ ಕಾಲು ಬಿಗಿದ. ಅದನ್ನು ಬಿಡಿಸಲು ಪ್ಯಾಂಟ್ ಹಿಡಿದು ಎದ್ದು ನಿಲ್ಲಬೇಕು. ಹಿಡಿದೆ, ಬೆರಳು ಬಿಟ್ಟವು. ಮತ್ತೆ ಹಿಡಿದೆ, ಮತ್ತೆ ಬಿಟ್ಟವು. ಅವನ ಮೇಲೆ ಒರಗಿಕೊಂಡು ಸುಮ್ನೆ ಕೂತೆ. ರೆಫರಿ ಟೈಂ ಕಳೆಯುತ್ತಿದ್ದೀಯ ಅಂತ ಒಂದು ಪೆನಾಲ್ಟಿ ಕೊಟ್ಟರು. ಇನ್ನೊಂದು ಬಂದರೆ ಅವನಿಗೆ ಅಡ್ವಾಂಟೇಜ್ (ಅಂಕ ಸಮ ಆದರೆ ಲೆಕ್ಕಕ್ಕೆ ಬರುವುದು) ಅಂತ ಗಾಬರಿಯಾಗಿ ಎದ್ದೆ. ಅವನು ಅದಕ್ಕೇ ಕಾಯುತ್ತಿದ್ದ, ಒಂದು ಕಡೆಗೆ ಉರುಳಿಸಿದ. ಬೀಳುವುದನ್ನು ತಡೆಯಲು ಅಂಗೈ ಊರಬೇಕಿತ್ತು. ಮಣಿಕಟ್ಟಿನ ನೆನಪಾಗಿ ಊರಲಿಲ್ಲ. ಹೀಗೆ ಉರುಳಿಸಿದ್ದಕ್ಕೆ (ಸ್ವೀಪ್) ಅವನಿಗೆ ಎರಡು, ನೇರ ನನ್ನ ಮೇಲೆ ಕೂತದ್ದಕ್ಕೆ (ಮೌಂಟ್) ನಾಲ್ಕು. 2-6.

ಕೊನೆಯಲ್ಲಿ ಭುಜ ತಿರುಚುವ ಅಮೆರಿಕಾನಾ ಹಾಕಿದ. ಗಡಿಯಾರ ಕಾಣಿಸುತ್ತಿತ್ತು, 18 ಸೆಕೆಂಡ್ ಬಾಕಿ. ಕೈ ಪೂರ್ತಿ ಸಿಗುವ ಮುಂಚೆಯೇ ತಟ್ಟಿದೆ.

ನಾಲ್ಕೇ ಜನ ಇದ್ದದ್ದರಿಂದ, ಸೆಮಿಫೈನಲ್‌ನಲ್ಲಿ ಸೋತ ಇಬ್ಬರಿಗೂ ಕಂಚು. ಒಂದೂ ಪಂದ್ಯ ಗೆಲ್ಲದೆ ಪದಕ ಬಂದಿದೆ. ಅಮ್ಮ ಅದನ್ನು ಬೀದಿಯಲ್ಲೆಲ್ಲ ತೋರಿಸಿದ್ದಾರೆ. ಎಷ್ಟು ಜನ ಆಡಿದರು ಅಂತ ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ.

ಪಂದ್ಯದ ಆಮೇಲೆ ಬೆಲ್ಟ್ ಗಂಟು ಬಿಚ್ಚಲು ಆಗಲಿಲ್ಲ. ಬೆವರಿಗೆ ಬಿಗಿದುಕೊಂಡಿತ್ತು. ಮೂಲೆಯಲ್ಲಿ ನಿಂತು ಒದ್ದಾಡುತ್ತಿದ್ದೆ. ಆ ಪುಣೆ ಹುಡುಗ ನೋಡಿ ಹತ್ತಿರ ಬಂದ, ನನ್ನ ಗೆಣ್ಣು ನೋಡಿ ‘ಚಿಕುನ್‌ಗುನ್ಯಾ?’ ಅಂದ. ಅವರಪ್ಪನಿಗೂ ಆಗಿತ್ತಂತೆ. ಮಂಡಿಯೂರಿ ಕೂತು ಗಂಟು ಬಿಚ್ಚಿಕೊಟ್ಟ. ಆಮೇಲೆ ಹಿಂದಿಯಲ್ಲಿ, ‘ಮೊದಲೇ ಹೇಳಿದ್ದರೆ ಕೈಗೇ ಗುರಿ ಇಡುತ್ತಿದ್ದೆ’ ಅಂದು ನಕ್ಕ.

ಇವತ್ತು ಬೆಳಿಗ್ಗೆ 40 ನಿಮಿಷ. ಬರೆದಿಟ್ಟಿದ್ದೇನೆ ಮೇಡಂ. ಎರಡು ವಾರ ಮ್ಯಾಟ್ ಕಡೆ ಹೋಗಲ್ಲ.

ಹಠವಾದಿ
ಅಕ್ಟೋಬರ್ 6, ಸಂಜೆ 7:50

18 ಸೆಕೆಂಡ್ ತಡೆಯಬಹುದಿತ್ತು ಬ್ರೋ.

ನೀಲಿಬೆಲ್ಟ್_ಗುಮಾಸ್ತ
ಅಕ್ಟೋಬರ್ 6, ಸಂಜೆ 7:58

ತಡೆದಿದ್ದರೆ 2-6ರಲ್ಲಿ ಸೋಲುತ್ತಿದ್ದೆ ಬ್ರೋ. ಇವತ್ತು ಕೌಂಟರ್‌ನಲ್ಲಿ ಕೂತು ನೋಟು ಎಣಿಸಿದೆ, ನಿಧಾನಕ್ಕೆ. ಒಬ್ಬ ಹಿರಿಯರು ‘ಮಿಷನ್‌ಗೆ ಹಾಕಪ್ಪಾ’ ಅಂದರು.

ಹೊಸ_ಬಿಳಿಬೆಲ್ಟ್
ಅಕ್ಟೋಬರ್ 6, ರಾತ್ರಿ 8:30

ಅಭಿನಂದನೆ ಅಣ್ಣಾ! ನನ್ನದು ವಾಸಿ ಆಯಿತು, ಡಾಕ್ಟರ್ ಸರಿ ಅಂದ ಮೇಲೇ ಆಡಿದೆ. ಮೊದಲ ಪಂದ್ಯದಲ್ಲೇ 40 ಸೆಕೆಂಡ್‌ಗೆ ತಟ್ಟಿದೆ. ಟೇಪ್ ಅಂಟು ಬೆರಳಿಂದ ಹೋಗ್ತಾನೇ ಇಲ್ಲ, ಏನು ಮಾಡಬೇಕು?

ಗರಡಿಮನೆ_ಮೈಸೂರು
ಅಕ್ಟೋಬರ್ 6, ರಾತ್ರಿ 9:40

ಕೊಬ್ಬರಿ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಡಮ್ಮಾ, ತಾನೇ ಬರುತ್ತೆ.

ತಮ್ಮಾ ಗುಮಾಸ್ತ, ಸೊಂಟಕ್ಕೆ ಬೀಗ ಹಾಕಿದ್ದನ್ನು ಓದಿ ಮಗನಿಗೆ ತೋರಿಸಿದೆ. ಬೀಳಿಸಿದ ಮೇಲೆ ಅವನ ಕಾಲಿನ ಮಧ್ಯೆ ಹೋಗಿ ಕೂತೆಯಲ್ಲ, ಅದು ತಪ್ಪು. ಪಕ್ಕಕ್ಕೆ ಬೀಳಬೇಕಿತ್ತು. ಕೈ ಸರಿ ಹೋದ ಮೇಲೆ ಒಂದು ಭಾನುವಾರ ಮೈಸೂರಿಗೆ ಬಾ, ತೋರಿಸುತ್ತೇನೆ. ಬರುವಾಗ ಉಗುರು ಕತ್ತರಿಸಿಕೊಂಡು ಬಾ.